ಬದಲಿ ಬೆರಳು

ಆ ಜನವರಿಯಲ್ಲಿ ತ್ಯಾಗಲಿ ಹತ್ತಿರದ ನಮ್ಮ ಕೇರಿ ಬೆಳಿಗ್ಗೆ ಎದ್ದು ಕೇಳುತ್ತಿದ್ದ ಪ್ರಶ್ನೆ ಒಂದೇ: ಮಧುಕೇಶ್ವರ ಹೆಗಡೆಗೆ ಎಷ್ಟು, ವೆಂಕಟ್ರಮಣ ಹೆಗಡೆಗೆ ಎಷ್ಟು? ಅಡಿಕೆಯ ದರವನ್ನು ಸಹ ಯಾರೂ ಇಷ್ಟು ಆತುರದಿಂದ ವಿಚಾರಿಸಿದ್ದಿಲ್ಲ. ಮಾಗೋಡಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಫೋನ್ ಮಾಡಿದರೆ ತಾಯಿಯ ಮಂಡಿನೋವು ಎರಡನೆಯ ವಿಷಯವಾಗಿತ್ತು. ಶಿರಸಿಗೆ ಔಷಧಿ ತರಲು ಹೋದವರನ್ನು ಅಲ್ಲಿನವರು ತಡೆದು, “ನಿಮ್ಮಲ್ಲಿ ಯಾರು ಮುಂದೆ?” ಎಂದು ಕೇಳುತ್ತಿದ್ದರಂತೆ.

ಎಣಿಕೆ ರಕ್ತದಲ್ಲಿನ ಆಮ್ಲಜನಕದ್ದು. ಇಬ್ಬರಿಗೂ ಕೊರೋನಾ ತಗುಲಿ, ಇಬ್ಬರೂ ತಂತಮ್ಮ ಮನೆಯ ಒಂದೊಂದು ಕೋಣೆಯಲ್ಲಿ ಬೇರೆಯಾಗಿ ಕೂತಿದ್ದರು. ಇಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು. ಇಬ್ಬರಿಗೂ ಅರವತ್ತು ದಾಟಿದೆ. ಎರಡು ಮನೆಗಳ ನಡುವೆ ಒಂದು ಅಂಗಳ. ಕೇರಿಗೆ ಮೊದಲ ಸೈಕಲ್ ತಂದದ್ದು ಯಾರ ಅಪ್ಪ ಎಂಬುದರ ಬಗ್ಗೆ ಇವರ ನಡುವೆ ಬಾಲ್ಯದಿಂದಲೂ ವಾದವಿದೆ. ಸೈಕಲ್ ಗುಜರಿ ಸೇರಿ ಕಾಲವೆಷ್ಟೋ ಆಯಿತು. ವಾದಕ್ಕೆ ಮಾತ್ರ ಇನ್ನೂ ಪಂಕ್ಚರ್ ಆಗಿಲ್ಲ.

ರೋಗ ಬಂದದ್ದು ಮುಯ್ಯಾಳಿನ ದಾರಿಯಲ್ಲಿ. ಇವತ್ತು ನಿಮ್ಮ ಮನೆಯ ಅಡಿಕೆ ಸುಲಿಯಲು ನಾವು ಬರುವುದು, ನಾಳೆ ನಮ್ಮ ಮನೆಯದಕ್ಕೆ ನೀವು ಬರುವುದು, ಇದು ಮುಯ್ಯಾಳು. ಸುಗ್ಗಿಯ ದಿನಗಳಲ್ಲಿ ಹೀಗೆ ಒಂದು ಮನೆಯ ಸೀನು ಇನ್ನೊಂದು ಮನೆಗೆ ಸಲೀಸಾಗಿ ದಾಟುತ್ತದೆ. ಮುಯ್ಯಾಳಿನಲ್ಲಿ ಒಂದು ಅನುಕೂಲವೂ ಇದೆ: ಬರಲಾಗದವನು ತನ್ನ ಬದಲಿಗೆ ಬೇರೆಯವನನ್ನು ಕಳಿಸಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಕೂತ ಜಾಗ ಖಾಲಿ ಉಳಿಯದಿದ್ದರೆ ಸಾಕು.

ಈ ಅನುಕೂಲವನ್ನು ಮಧುಕೇಶ್ವರ ಹೆಗಡೆ ಬೇರೆಲ್ಲರಿಗಿಂತ ದೂರ ಎಳೆದಿದ್ದ. ಅವನ ಖಾಯಂ ಬದಲಿ ಬೀರ. ಮಧುಕೇಶ್ವರನ ಮನೆಯ ಕೆಲಸಕ್ಕೆ ಹರೆಯದಲ್ಲಿ ಬಂದು ಅಲ್ಲೇ ತಲೆ ಬೆಳ್ಳಗಾದ ಗಟ್ಟಿ ಆಳು. ರೇಷನ್ನಿನ ಸಾಲಿನಲ್ಲಿ ಮಧುಕೇಶ್ವರನ ಜಾಗದಲ್ಲಿ ಬೀರ ನಿಲ್ಲುತ್ತಿದ್ದ. ಕೇರಿಯ ಮೀಟಿಂಗಿನಲ್ಲಿ ಬೀರ ಕೈಯೆತ್ತಿದರೆ ಅದು ಮಧುಕೇಶ್ವರನ ಒಪ್ಪಿಗೆ. ಎರಡನೆಯ ಡೋಸ್ ಲಸಿಕೆಗೂ ಅವನನ್ನೇ ಕಳಿಸಿ ನೋಡಿದ್ದಾಗಿತ್ತು. ಆಧಾರ್ ಕಾರ್ಡಿನ ಫೋಟೊ ಒಪ್ಪಲಿಲ್ಲ. ಹಾಗಾಗಿ ಆ ಡೋಸ್ ಮಧುಕೇಶ್ವರನಿಗೂ ಸಿಗಲಿಲ್ಲ, ಬೀರನಿಗೂ ಹೆಚ್ಚುವರಿಯಾಗಿ ಸಿಗಲಿಲ್ಲ.

ಪರೀಕ್ಷೆ ನಡೆದದ್ದು ಅಂಗಳದಲ್ಲೇ. ಆಶಾ ಕಾರ್ಯಕರ್ತೆ ಚೇತನಾ, ಬನವಾಸಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಎರಡು ಕಿಟ್ ತಂದು, ದೂರ ನಿಂತು ನಿರ್ದೇಶನ ಕೊಟ್ಟಳು.

“ಕಡ್ಡಿ ಮೂಗಿನಾಗ ಹಾಕಿ ಸುತ್ತ ತಿರಗಸ್ರಿ. ಹಂಗಲ್ರಿ ಹೆಗಡೇರ, ಅದೇನ್ ನಶ್ಯಾನ್ರಿ? ಮ್ಯಾಲ್ ಹೋಗ್ಲಿ. ಇನ್ನೊಂದು ಹೊಳ್ಳೀನೂ!”

ಸೀನು, ಕಣ್ಣೀರು, ನಾಲ್ಕು ಹನಿ ದ್ರವ, ಒಂದಷ್ಟು ಹೊತ್ತಿನ ಕಾಯುವಿಕೆ. ಎರಡೂ ಕಿಟ್‌ಗಳಲ್ಲಿ ಎರಡೆರಡು ಗೀಟು ಮೂಡಿತು.

“ಯನ್ನ ಗೀಟು ನಿಂದಕ್ಕಿಂತ ದಪ್ಪ ಇದ್ದು ನೋಡು” ಎಂದ ಮಧುಕೇಶ್ವರ.

“ರೋಗ ದಪ್ಪ ಇದ್ದು ಹೇಳಿ ಅರ್ಥ ಅದು. ಹೆಮ್ಮೆ ಪಡಡ” ಎಂದ ವೆಂಕಟ್ರಮಣ.

ಸಿದ್ದಾಪುರದ ಡಾಕ್ಟರ್ ಶ್ರೀಲಕ್ಷ್ಮಿ ಫೋನಿನಲ್ಲೇ ವಿಚಾರಿಸಿ, ಇಬ್ಬರೂ ಮನೆಯಲ್ಲೇ ಇರಬಹುದು ಎಂದರು. ಜ್ವರದ ಮಾತ್ರೆ, ಬಿಸಿನೀರು, ವಿಶ್ರಾಂತಿ. ದಿನಕ್ಕೆ ಮೂರು ಸಲ ಬೆರಳಿಗೆ ಮೀಟರ್ ಹಾಕಿ ಫೋಟೊ ಕಳಿಸುವುದು. ತೊಂಬತ್ತನಾಲ್ಕಕ್ಕಿಂತ ಇಳಿದರೆ ತಕ್ಷಣ ತಿಳಿಸುವುದು, ತೊಂಬತ್ತಕ್ಕಿಂತ ಇಳಿದರೆ ಕೇಳುತ್ತ ಕೂರದೆ ಹೊರಡುವುದು. ಮೀಟರ್ ಕೇರಿಗೆ ಒಂದೇ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಈ ಕಿಟಕಿಯಿಂದ ಆ ಕಿಟಕಿಗೆ ಇಕ್ಕಳದಲ್ಲಿ ಹಿಡಿದು ಸಾಗಿಸುವ ಕೆಲಸ ಬೀರನ ಪಾಲಿಗೆ ಬಂತು. ಎರಡು ಮಾಸ್ಕ್, ಮೇಲೊಂದು ಪಂಚೆ ಸುತ್ತಿಕೊಂಡು ಅವನು ಬರುವುದನ್ನು ಕಂಡರೆ ಯಾರದೋ ಮನೆಗೆ ಕೆಂಡ ಒಯ್ಯುತ್ತಿದ್ದಾನೆ ಅನಿಸುತ್ತಿತ್ತು.

ಮೊದಲ ಬೆಳಿಗ್ಗೆ ವೆಂಕಟ್ರಮಣನಿಗೆ ತೊಂಬತ್ತಾರು, ಮಧುಕೇಶ್ವರನಿಗೆ ತೊಂಬತ್ತೇಳು. ಮಧುಕೇಶ್ವರ ಕಿಟಕಿಯಿಂದಲೇ ಕೂಗಿ ಹೇಳಿದ. ವೆಂಕಟ್ರಮಣ ಕೂಗಿ ಉತ್ತರ ಕೊಟ್ಟ. ಚೇತನಾ ಓಡಿಬಂದಳು.

“ಕೂಗಬ್ಯಾಡ್ರಿ, ಹನಿ ಹಾರ್ತಾವು! ಫೋನ್ ಇಲ್ಲೇನ್ರಿ ನಿಮಗ?”

ಅಂದಿನಿಂದ ವಾದ ಫೋನಿಗೆ ಬಂತು. ಇಬ್ಬರಿಗೂ ಕಿವಿ ಸ್ವಲ್ಪ ದೂರವಾದ್ದರಿಂದ ಸ್ಪೀಕರ್ ಹಾಕುತ್ತಿದ್ದರು. ಹಾಕಿದ್ದರಿಂದ ಕೇರಿಗೆಲ್ಲ ಕೇಳುತ್ತಿತ್ತು. ಕೇಳುತ್ತಿದ್ದುದರಿಂದ ಅಂಗಳದಲ್ಲಿ ಜನ ಅಂತರ ಬಿಟ್ಟು ಕೂರತೊಡಗಿದರು. ಬೆಳಗಿನ ಎಣಿಕೆ ಹೀಗೆ ಆಟವಾಯಿತು. ತೊಂಬತ್ತೆಂಟು ಬಂದರೆ ಚಪ್ಪಾಳೆ. ಸಮ ಬಂದರೆ ಗೊಣಗಾಟ. ವ್ಯಾನ್ ಓಡಿಸುವ ಉದಯ ಒಂದೊಂದು ಕವಳದ, ಅಂದರೆ ಎಲೆಯಡಿಕೆಯ, ಪಂಥ ಕಟ್ಟಿಸಲು ಶುರುಮಾಡಿದ.

ಮೂರನೆಯದೋ ನಾಲ್ಕನೆಯದೋ ಬೆಳಿಗ್ಗೆ ಮಧುಕೇಶ್ವರ ಮೀಟರ್ ಹಾಕಿ ನೋಡಿದ. ತೊಂಬತ್ತಮೂರು. ಒರೆಸಿ ಮತ್ತೆ ಹಾಕಿದ. ತೊಂಬತ್ತೆರಡು. ಅಂಗಳದಿಂದ “ಎಷ್ಟಡಾ?” ಎಂಬ ದನಿ ಬಂತು. ಆಚೆ ಕಿಟಕಿಯಲ್ಲಿ ವೆಂಕಟ್ರಮಣ ಆಗಲೇ ತೊಂಬತ್ತಾರು ಸಾರಿ, ಕಾಯುತ್ತಿದ್ದ.

“ಬೀರಾ, ಬೆರಳು ಕೊಡು” ಎಂದ ಮಧುಕೇಶ್ವರ.

ಬೀರ ಯಾಕೆ ಎಂದು ಕೇಳಲಿಲ್ಲ. ಹೆಗಡೇರ ಬದಲಿಗೆ ಏನೇನೋ ಕೊಟ್ಟಿದ್ದ, ಇದೊಂದು ಬೆರಳು. ಸರಳಿನ ಸಂದಿನಿಂದ ತೋರುಬೆರಳು ತೂರಿಸಿದ. ತೊಂಬತ್ತೆಂಟು. ಮಧುಕೇಶ್ವರ ಫೋಟೊ ತೆಗೆದು ಚೇತನಾಳಿಗೆ ಕಳಿಸಿದ. ಸುಗ್ಗಿಯಲ್ಲಿ ಅಡಿಕೆಯ ಕರೆ ಹತ್ತಿ ಕೇರಿಯ ಬೆರಳೆಲ್ಲ ಒಂದೇ ಕಪ್ಪು. ಉಗುರು ನೋಡಿ ಯಜಮಾನ ಯಾರು, ಆಳು ಯಾರು ಎಂದು ಹೇಳುವಂತಿರಲಿಲ್ಲ. ಚೇತನಾಳಿಂದ ಹೆಬ್ಬೆಟ್ಟಿನ ಚಿತ್ರ ಬಂತು. ಅಂಗಳದಲ್ಲಿ ಚಪ್ಪಾಳೆಯಾಯಿತು.

ಸೋಲು ಒಂದು ಕಾರಣ. ಇನ್ನೊಂದು ಕಾರಣವನ್ನು ಮಧುಕೇಶ್ವರ ಯಾರಿಗೂ ಹೇಳಲಿಲ್ಲ. ಹೋದ ಬೇಸಿಗೆಯಲ್ಲಿ ಇದೇ ರೋಗ ಹತ್ತಿದ ಅವನ ಇಸ್ಪೀಟಿನ ಜೊತೆಗಾರ ಸೀತಾರಾಮನನ್ನು ಆಸ್ಪತ್ರೆಯ ಗಾಡಿಯಲ್ಲಿ ಹಾಕಿಕೊಂಡು ಹೋದರು. ಸೀತಾರಾಮ ಗಾಡಿಯ ಕಿಟಕಿಯಿಂದ, ಎಲೆ ಹಾಗೇ ಇಡು, ಬಂದು ಆಡುತ್ತೇನೆ ಎಂದಿದ್ದ. ಬರಲಿಲ್ಲ, ಮುಖ ನೋಡಲಿಕ್ಕೂ ಸಿಗಲಿಲ್ಲ. ಅಂದಿನಿಂದ ಮಧುಕೇಶ್ವರನ ಲೆಕ್ಕದಲ್ಲಿ ರೋಗ ಬೇರೆ, ಗಾಡಿ ಬೇರೆ. ಎರಡರಲ್ಲಿ ಹೆಚ್ಚು ಅಪಾಯದ್ದು ಗಾಡಿ.

ಎರಡು ದಿನ ಬೀರನ ಬೆರಳು ಅದ್ಭುತವಾಗಿ ಆಡಿತು. ತೊಂಬತ್ತೆಂಟು, ತೊಂಬತ್ತೊಂಬತ್ತು, ಮತ್ತೆ ತೊಂಬತ್ತೊಂಬತ್ತು. ಪಂಥದಲ್ಲಿ ಗೆದ್ದ ಕವಳವನ್ನೆಲ್ಲ ಉದಯ ಒಬ್ಬನೇ ಜಗಿಯುತ್ತಿದ್ದ. ಮಧುಕೇಶ್ವರನ ಹೆಂಡತಿ ಸೀತಾ ಬಾಗಿಲ ಹೊರಗೆ ಗಂಜಿ ಇಟ್ಟು, “ನಿಂಗಕ್ಕೆ ತೊಂಬತ್ತೊಂಬತ್ತಡ. ಯಂಗೂ ಅಷ್ಟಿಲ್ಲೆ” ಎಂದು ಸಂತೋಷಪಟ್ಟು ಹೋದಳು. ಒಳಗೆ ಅವಳ ಗಂಡ ಮಂಚದ ಅಂಚಿಗೆ ಕೂತು, ಬಟ್ಟಲ ತನಕ ನಡೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದ. ನಡೆದರೆ ಎದೆ ಕುಲುಮೆಯ ತಿದಿಯಂತೆ ಹಾರುತ್ತಿತ್ತು. ಹಸಿವೇನೂ ಇರಲಿಲ್ಲವಾದ್ದರಿಂದ ನಡೆಯದಿರುವುದೇ ಸರಿ ಎಂದು ತೀರ್ಮಾನವಾಯಿತು. ಬೀರನಿಗೆ ಮಾತ್ರ ಕಿಟಕಿಯಿಂದ ಅದು ಕಾಣುತ್ತಿತ್ತು.

“ಹೆಗ್ಡೇರೆ, ಅಮ್ಮಂಗೆ ಒಂದ್ಮಾತು ಹೇಳ್ಲಾ?”

“ಹೇಳಿದ್ರೆ… ನೋಡು.”

ಏನು ನೋಡಬೇಕು ಎಂಬುದು ಪೂರ್ತಿಯಾಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳ ತುಂಬಿತ್ತು. ವೆಂಕಟ್ರಮಣನಿಗೆ ತೊಂಬತ್ತೈದು. ಮಧುಕೇಶ್ವರನಿಗೆ ತೊಂಬತ್ತೊಂಬತ್ತು. ಯಾರೋ ಸಿಳ್ಳೆ ಹಾಕಿದರು. ಫೋನ್ ರಿಂಗಾಯಿತು.

“ಎಂತದೋ ವೆಂಕಟ್ರಮಣಾ” ಎಂದ ಮಧುಕೇಶ್ವರ. “ನಿಂಗೆ ತೊಂಬತ್ತೈದಡ. ನಿನ್ನ ಅಪ್ಪಯ್ಯ… ಸೈಕಲ್ ತಂದಿದ್ನಡ… ಗಾಳಿ ಹಾಕಲೆ…”

ಕೇರಿ ನಗಲು ಬಾಯಿ ತೆರೆದು ಕಾಯಿತು. ಉಳಿದ ಮಾತು ಬರಲಿಲ್ಲ.

ಆಚೆಯಿಂದ ವೆಂಕಟ್ರಮಣ ಉತ್ತರ ಕೊಡಲಿಲ್ಲ. ಜನ ಆಮೇಲೆ ಹೇಳಿಕೊಂಡಂತೆ, ಅವನು ಸುಮ್ಮನಾದದ್ದನ್ನು ಅವರು ಕಂಡದ್ದು ಅಂದೇ ಮೊದಲು. ಈ ದಾಯಾದಿಯ ಬೈಗುಳವನ್ನು ಅವನು ಬುದ್ಧಿ ಬಂದಾಗಿನಿಂದ ಕೇಳಿದವನು. ಮಧುಕೇಶ್ವರ ಚುಚ್ಚುವ ಮಾತನ್ನು ಯಾವತ್ತೂ ನಡುವೆ ನಿಲ್ಲಿಸಿದವನಲ್ಲ; ಕವಳ ತುಂಬಿಕೊಂಡ ಬಾಯಲ್ಲೂ ಪೂರ್ಣವಿರಾಮದ ತನಕ ಹೋಗುವವನು.

“ಮಧೂ, ನಿಂಗೆ ಎಷ್ಟು ಅಂದೆ?”

“ತೊಂಬತ್ತೊಂಬತ್ತು.”

“ಹಂಗಾರೆ ಹುತುತು ಹೇಳು.”

“ಎಂತಕ್ಕೆ?”

“ಹೇಳು ಅಂದೆ. ಶಾಲೆ ಬಯಲಲ್ಲಿ ಆಡ್ತಿದ್ವಲಾ. ನೀ ಆಚೆ ಪಾರ್ಟಿ, ಆನು ಈಚೆ ಪಾರ್ಟಿ. ಒಂದೇ ಉಸಿರಲ್ಲಿ. ಮೊದಲು ಆನು ಹೇಳ್ತೆ, ಕೇಳಿಸ್ಕ.”

ಅಂಗಳದಲ್ಲಿ ಮಿಂಚು ಹೊಡೆದಂತಾಯಿತು. ಬಾಗಿಲೊಳಗಿದ್ದವರೂ ಹೊರಬಂದರು. ಅರವತ್ತು ದಾಟಿದ, ರೋಗ ಹತ್ತಿದ ಇಬ್ಬರು ಫೋನಿನಲ್ಲಿ ಹುತುತು, ಅಂದರೆ ಕಬಡ್ಡಿ, ಆಡುತ್ತಾರೆ ಎಂದರೆ ಯಾರು ಒಳಗೆ ಕೂರುತ್ತಾರೆ? ಉದಯ ಹೊಸ ಪಂಥ ಕೂಗಿದ.

“ಹುತುತುತುತುತು…” ವೆಂಕಟ್ರಮಣನ ದನಿ ಹೊರಟಿತು. ಕೇರಿ ಒಟ್ಟಾಗಿ ಒಂದು, ಎರಡು, ಮೂರು ಎಂದು ಎಣಿಸಿತು. ಹನ್ನೆರಡರ ಹತ್ತಿರ ದನಿ ನಡುಗಿತು, ಹದಿನೈದು ದಾಟಿತು, ಹದಿನೆಂಟಕ್ಕೆ ಕೆಮ್ಮಿನಲ್ಲಿ ಮುಳುಗಿತು. ಭರ್ಜರಿ ಚಪ್ಪಾಳೆ.

“ಈಗ ನೀನು. ಗೆರೆ ದಾಟಿ ಬಾ.”

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು ಕೇಳಿತು. ಆಮೇಲೆ, “ಹುತುತು…”

ಒಂದು, ಎರಡು, ಮೂರು ಎಂದಿತು ಕೇರಿ. ನಾಲ್ಕು ಎನ್ನಲು ಅಲ್ಲೇನೂ ಇರಲಿಲ್ಲ. ಎಣಿಸುವ ಬಾಯಿಗಳು ಹಾಗೆಯೇ ತೆರೆದು ನಿಂತವು. ಸೀತಾ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದಿದ್ದಳು.

“ಸೀತಾ!” ವೆಂಕಟ್ರಮಣ ಈಗ ಕಿಟಕಿಗೆ ಬಂದು ಕೂಗಿದ. ಹನಿ ಹಾರುವ ವಿಷಯ ಯಾರಿಗೂ ನೆನಪಾಗಲಿಲ್ಲ. “ಅಂವಂಗೆ ತೊಂಬತ್ತೊಂಬತ್ತಿಲ್ಲೆ! ಆ ಬೆರಳು ಅಂವಂದಲ್ಲ! ಬೀರನ್ನ ಕೇಳು!”

ಬೀರನನ್ನು ಕೇಳುವ ಅಗತ್ಯ ಬರಲಿಲ್ಲ. ಅವನು ಇಕ್ಕಳವನ್ನು ಕೆಳಗಿಟ್ಟು, ತನ್ನ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದ.

“ಹೆಗ್ಡೇರು ಕೊಡು ಅಂದ್ರು ಅಮ್ಮಾ. ಕೊಟ್ಟೆ.”

“ಯಾವತ್ತಿಂದ?”

“ಮೂರು ದಿನಾತು.”

ಸೀತಾ ಸೌಟನ್ನು ಎತ್ತಿದಳು. ಬೀರನಿಗೆ ಹೊಡೆಯುತ್ತಾಳೋ ಗಂಡನಿಗೆ ಹೊಡೆಯುತ್ತಾಳೋ ಎಂದು ಕೇರಿ ನೋಡುತ್ತಿದ್ದಂತೆ ಅದನ್ನು ಉದಯನತ್ತ ತೋರಿಸಿ, “ಪಂಥ ಸಾಕು. ವ್ಯಾನ್ ತಿರುಗಿಸಿ ನಿಲ್ಸು” ಎಂದಳು.

ಚೇತನಾ ಗೌನು, ಗ್ಲೌಸು ಹಾಕಿಕೊಂಡು ಒಳಗೆ ಹೋದಳು. “ಫೋಟೋ ಬ್ಯಾಡ್ರಿ ಇನ್ನ. ಕೈ ಕೊಡ್ರಿ. ನಿಮ್ಮ ಕೈ.” ಮಧುಕೇಶ್ವರನ ಸ್ವಂತ ಬೆರಳು ಮೂರು ದಿನಗಳ ಮೇಲೆ ಮೀಟರಿಗೆ ಹೋಯಿತು. ಎಂಬತ್ತಾರು. ಅವಳು ಹೊರಗೆ ಕೂಗಿ ಹೇಳಲಿಲ್ಲ. ತನ್ನ ಫೋನಿನಿಂದ ಡಾಕ್ಟರಿಗೆ ಹೇಳಿದಳು, ಆದರೆ ಮಧುಕೇಶ್ವರನ ಫೋನಿನಲ್ಲಿ ವೆಂಕಟ್ರಮಣನ ಕರೆ ಕಡಿದಿರಲಿಲ್ಲ, ಸ್ಪೀಕರ್ ಇನ್ನೂ ಆನ್ ಇತ್ತು.

“ಮೊದಲು ಬೋರಲು ಮಲಗಿಸಿ” ಎಂದರು ಡಾಕ್ಟರ್ ಶ್ರೀಲಕ್ಷ್ಮಿ. “ಎದೆ ಕೆಳಗೆ ಒಂದು ದಿಂಬು, ಸೊಂಟದ ಕೆಳಗೆ ಒಂದು. ನಿಧಾನವಾಗಿ ಉಸಿರೆಳೆಯಲಿ. ಹಾಗೆಯೇ ಕರೆತನ್ನಿ. ಇಲ್ಲಿ ಆಕ್ಸಿಜನ್ ರೆಡಿ ಮಾಡಿಸ್ತೇನೆ. ಮತ್ತೆ, ಯಾವ ಮಹಾನುಭಾವರು ಮೂರು ದಿನದಿಂದ ತೊಂಬತ್ತೊಂಬತ್ತು ಕಳಿಸ್ತಿದ್ರು?”

ಅಂಗಳದಲ್ಲಿ ಬೀರ ತೋರುಬೆರಳನ್ನು ಪಂಚೆಯೊಳಗೆ ಅಡಗಿಸಿದ.

ದಿಂಬುಗಳ ಮೇಲೆ ಬೋರಲಾದ ಮಧುಕೇಶ್ವರ ನೆಲಕ್ಕೆ ಹೇಳಿದ: “ಆನು… ಬತ್ತಿಲ್ಲೆ. ಸೀತಾರಾಮ… ಹೋದ. ಬಂದ್ನ?”

ಸೀತಾ ಬಾಗಿಲಲ್ಲೇ ಕೂತುಬಿಟ್ಟಳು. ಗಂಡನ ಬಾಯಲ್ಲಿ ಆ ಹೆಸರು ಬೇಸಿಗೆಯ ನಂತರ ಬಂದದ್ದು ಅದೇ ಮೊದಲು. ಬೇಡಿಕೊಂಡಳು, ಬೈದಳು, ಮಕ್ಕಳ ಮೇಲೆ ಆಣೆ ಹಾಕಿದಳು. ಅವನು ಮಂಚದ ಪಟ್ಟಿ ಹಿಡಿದುಕೊಂಡ. ಉದಯ ಹೊರಗೆ ಎಂಜಿನ್ ಗುರುಗುಟ್ಟಿಸುತ್ತಲೇ ಇದ್ದ.

ಆಗ ಬೀರ ಕಿಟಕಿಗೆ ಬಂದು ಗಂಟಲು ಸರಿಮಾಡಿಕೊಂಡ. “ಹೆಗ್ಡೇರೆ, ಬೇಕಾರೆ ನಾ ಹೋಗ್ತೀನಿ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಹಾಗೆಂದು ಗೊತ್ತಾಗಲು ಎಲ್ಲರಿಗೂ ಒಂದು ಕ್ಷಣ ಬೇಕಾಯಿತು. ಮಧುಕೇಶ್ವರ ಮುಖ ಹೊರಳಿಸಿ, ಸರಳಿನಾಚೆ ನಿಂತವನನ್ನು ನೋಡಿದ. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ.

ಫೋನಿನಲ್ಲಿ ವೆಂಕಟ್ರಮಣನ ದನಿ ಬಂತು. ಈ ಸಲ ಮೆಲ್ಲಗೆ.

“ಮಧೂ. ಸೀತಾರಾಮನೂ ನಿನ್ನ ಹಂಗೇ ರೋಗ ಅಡಗಿಸಿ ಇಟ್ಗಂಡ. ತಡ ಆದ ಮೇಲೆ ಹೊರಟ. ಆನು ನೋಡಿದ್ದೆ. ನೀನು ಈಗ ಔಟಾದೆ. ಮೂರು ಎಣಿಸುವಷ್ಟರಲ್ಲಿ ಉಸಿರು ಬಿಟ್ಟೆ, ಕೇರಿಯೆಲ್ಲ ಸಾಕ್ಷಿ ಇದ್ದು. ಔಟಾದಂವ ಎಂತ ಮಾಡವು?”

ಮಧುಕೇಶ್ವರ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ಗೆರೆಯಿಂದ ಹೊರಗೆ ಹೋಗಿ ಕೂರವು. ಆಟ ಮುಗಿದ್ದಿಲ್ಲೆ. ಹೊರಗೆ ಕೂತಂವ ಮತ್ತೆ ಒಳಗೆ ಬತ್ತ. ಮೋಸ ಮಾಡಿ ಒಳಗೇ ನಿಂತಂವ ಬಪ್ಪಲೆ ಆಗ್ತಿಲ್ಲೆ. ನಿಯಮ ಅದು. ನಿನ್ನ ಪಾರ್ಟಿ ನಿಯಮವೂ ಅದೇ.”

ಮಧುಕೇಶ್ವರನ ಕೈ ಮಂಚದ ಪಟ್ಟಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಬಿಟ್ಟಿತು.

ಉದಯನ ವ್ಯಾನು ಅಡಿಕೆ ಮೂಟೆ ಹೇರುವಂಥದ್ದು. ಹಿಂದಿನ ಸೀಟುಗಳನ್ನು ಕಿತ್ತು ಎಷ್ಟೋ ದಿನವಾಗಿತ್ತು. ಇವತ್ತು ಅದೇ ಉಪಕಾರವಾಯಿತು. ಹಾಸಿಗೆ ಹಾಸಿ, ಮಧುಕೇಶ್ವರನನ್ನು ದಿಂಬು ಸಮೇತ ಬೋರಲು ಮಲಗಿಸಿದರು. ಚೇತನಾ ಪಕ್ಕದಲ್ಲಿ ಕೂತು ಅವನ ಬೆರಳಿಗೆ ಮೀಟರ್ ಹಾಕಿದಳು. ಎಂಬತ್ತಾರು. ಎಂಬತ್ತೇಳು. ಜನ ಅಂತರ ಮರೆತು ವ್ಯಾನಿನ ಹಿಂದೆ ಗುಂಪಾದರು. ಅವಳು ಗದರಿಸಿ ಹಿಂದೆ ಕಳಿಸಿದಳು. ಎಂಬತ್ತೊಂಬತ್ತು!

“ಎಂಬತ್ತೊಂಬತ್ತು!” ಎಂದು ಕೇರಿ ಕೂಗಿತು. ತೊಂಬತ್ತೊಂಬತ್ತಕ್ಕೂ ಯಾರೂ ಹೀಗೆ ಕೂಗಿರಲಿಲ್ಲ.

ಮಾಸ್ಕ್ ಬಿಗಿದುಕೊಂಡು ಮುಂದಿನ ಸೀಟಿನಲ್ಲಿ ಕೂತ ಸೀತಾ, ಗಂಡ ತಲೆಯೆತ್ತಿ ಏನೋ ಹೇಳಲು ನೋಡುವುದನ್ನು ಕಂಡಳು. ಆಚೆ ಜಗಲಿಯ ತುದಿಗೆ ವೆಂಕಟ್ರಮಣ ಬಂದು ನಿಂತಿದ್ದ. ಕೋಣೆಯಿಂದ ಹೊರಗೆ ಬರಬಾರದಿತ್ತು, ಬಂದಿದ್ದ.

“ಮಾತಾಡಡಿ” ಎಂದಳು ಸೀತಾ. “ಒಂದು ಶಬ್ದವೂ ಆಡಡಿ. ಉಸಿರು ಇರ್ಲಿ.”

ಹೀಗೆ ಜೀವಮಾನದಲ್ಲಿ ಮೊದಲ ಸಲ ಕೊನೆಯ ಮಾತು ವೆಂಕಟ್ರಮಣನ ಪಾಲಿಗೆ ಪೂರ್ತಿಯಾಗಿ ಬಂತು. ಎದುರಾಳಿ ಬೋರಲು ಮಲಗಿದ್ದಾನೆ, ಬಾಯಿ ಕಟ್ಟಿದೆ, ಕೇಳಲು ಇಡೀ ಕೇರಿ ನಿಂತಿದೆ. ಸೈಕಲ್ಲಿನ ವಿಷಯವನ್ನು ಶಾಶ್ವತವಾಗಿ ತೀರ್ಮಾನಿಸಿಬಿಡಬಹುದಿತ್ತು. ವೆಂಕಟ್ರಮಣ ಬಾಯಿ ತೆರೆದ. ಮುಚ್ಚಿದ. ವ್ಯಾನು ಹೊರಟಿತು.

“ನಿಧಾನ ಹೋಗೋ ಉದಯಾ” ಎಂದಷ್ಟೇ ಅಂದ. ಅದೂ ವ್ಯಾನು ತಿರುವು ದಾಟಿದ ಮೇಲೆ.

ಅಂಗಳದ ಜನ ಮನೆಗೆ ಹೋಗಲಿಲ್ಲ. ಮುಯ್ಯಾಳಿಗೆ ಹೊರಡಬೇಕಾದವರೂ ಹೊರಡಲಿಲ್ಲ. ಸಿದ್ದಾಪುರ ಎಷ್ಟು ಹೊತ್ತಿನ ದಾರಿ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಪ್ರತಿಯೊಬ್ಬರೂ ಅದನ್ನು ಇನ್ನೊಬ್ಬರಿಗೆ ವಿವರಿಸಿದರು. ಬೀರ ಮಾತ್ರ ದೂರ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಅನ್ನದಿರುವುದೇ ಅವನಿಗೆ ಕಷ್ಟವಾದಂತೆ ಕಂಡಿತು.

ಮಧ್ಯಾಹ್ನ ವೆಂಕಟ್ರಮಣನ ಫೋನು ಬಡಿದುಕೊಂಡಿತು. ಅಂಗಳವೆಲ್ಲ ಎದ್ದು ನಿಂತಿತು.

“ಆಕ್ಸಿಜನ್ ಹಾಕಿದ್ದ. ಈಗ ತೊಂಬತ್ತೈದು” ಎಂದಳು ಸೀತಾ. ಅವಳ ದನಿ ಅರ್ಧ ಅಳು, ಅರ್ಧ ನಗು. “ಇವತ್ತೇ ತಂದಿದ್ದಕ್ಕೆ ಒಳ್ಳೇದಾತಡ, ಡಾಕ್ಟರು ಹೇಳಿದ್ದು. ನಾಕಾರು ದಿನ ಇಲ್ಲೇ ಇರವಡ.”

“ಯಾರ ಬೆರಳು?” ಎಂದ ವೆಂಕಟ್ರಮಣ.

“ಇವರದ್ದೇ. ಯನ್ನ ಕಣ್ಣೆದುರಿಗೇ.”

“ಸರಿ.” ಅವನು ಫೋನನ್ನು ಕೆಳಗಿಟ್ಟ. ಅಂಗಳ ಕುಣಿಯುವುದೊಂದು ಬಾಕಿ. ಯಾರೋ ಬೀರನ ಬೆನ್ನಿಗೆ ದೂರದಿಂದ ಟವೆಲ್ಲು ಎಸೆದರು, ಯಾರೋ ಮಾಗೋಡಿಗೆ ಫೋನ್ ಹಚ್ಚಿದರು. ವೆಂಕಟ್ರಮಣ ಕಿಟಕಿಗೆ ಬೆನ್ನು ಹಾಕಿದ. ಬೆಳಿಗ್ಗೆಯಿಂದ ಅವನು ಮುಟ್ಟದೆ ಬಾಗಿಲ ಹೊರಗೆ ಆರಿಹೋಗಿದ್ದ ಗಂಜಿಯನ್ನು ಒಳಗೆ ಎಳೆದುಕೊಳ್ಳುವ ಸದ್ದು ಆಮೇಲೆ ಕೇಳಿತು.